ಕಮ್ಯುನಿಟಿ ಕಾಲೇಜಿನಲ್ಲಿ ಬಯೋಮೆಡಿಕಲ್: ಹೆಸರು ಒಂದೇ, ದಾರಿ ನಾಲ್ಕೈದು. ನಿಮಗೆ ಯಾವುದು?

ಕಮ್ಯುನಿಟಿ ಕಾಲೇಜಿಗೆ ಸೇರಿದ್ದೇನೆ ಅಂತ ಹಾಸನಕ್ಕೆ ಫೋನ್ ಮಾಡಿ ಹೇಳಿದಾಗ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ, "ಯಾವ ಕಮ್ಯುನಿಟಿಯವರದಮ್ಮ ಅದು?" ನಕ್ಕು ನಕ್ಕು ಸಾಕಾಯಿತು. ಆದರೆ ಅವರದ್ದೇನೂ ತಪ್ಪಿಲ್ಲ. ನಮ್ಮೂರಲ್ಲಿ ಕಮ್ಯುನಿಟಿ ಅಂದರೆ ಜಾತಿ. ಇಲ್ಲಿ, ಅಮೆರಿಕದಲ್ಲಿ, ಕಮ್ಯುನಿಟಿ ಕಾಲೇಜ್ ಅಂದರೆ ಸುತ್ತಮುತ್ತಲ ಊರಿನವರಿಗೆ ಅಂತ ಸರ್ಕಾರದ ದುಡ್ಡಿನಲ್ಲಿ ನಡೆಯುವ ಎರಡು ವರ್ಷದ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಇಂಥದ್ದೊಂದು ಕಾಲೇಜು ಇವತ್ತಿಗೂ ನಡೆಯುತ್ತಿದೆ. ನನ್ನ ಬೆಂಚಿನಲ್ಲಿ ಎಡಕ್ಕೆ 18ರ ಹುಡುಗ, ಬಲಕ್ಕೆ 45 ದಾಟಿದ ಟ್ರಕ್ ಡ್ರೈವರ್. ಇಬ್ಬರೂ ನನಗಿಂತ ಚೆನ್ನಾಗಿ ಬೆಸುಗೆ ಹಾಕುತ್ತಿದ್ದರು.

ನಾನು ಊರಲ್ಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ, ಮದುವೆಯಾಗಿ, ಎಚ್4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದಲ್ಲಿರುವ ಗಂಡನ ಜೊತೆಗಾತಿಯಾಗಿ, ಇಲ್ಲಿಗೆ ಬಂದವಳು. ಈಗ ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಟೆಕ್ನಿಷಿಯನ್. ಕನ್ನಡ ಕೂಟದಲ್ಲಿ ಸಿಕ್ಕವರು, ಪರಿಚಯದವರ ಪರಿಚಯದವರು ಆಗಾಗ ಕೇಳುತ್ತಾರೆ: "ನಮ್ಮನೆ ಹತ್ತಿರದ ಕಾಲೇಜಲ್ಲಿ ಬಯೋಮೆಡಿಕಲ್ ಅಂತ ಏನೋ ಇದೆ. ಸೇರಲಾ?" ನನ್ನ ಮರುಪ್ರಶ್ನೆ ಯಾವಾಗಲೂ ಒಂದೇ. ಯಾವ ಬಯೋಮೆಡಿಕಲ್?

ಯಾಕೆಂದರೆ ಈ ಒಂದು ಪದವನ್ನು ಹಣೆಗೆ ಅಂಟಿಸಿಕೊಂಡು ಒಂದಕ್ಕೊಂದು ಸಂಬಂಧವೇ ಇಲ್ಲದ ಕೋರ್ಸ್‌ಗಳು ಓಡಾಡುತ್ತಿವೆ. ನನ್ನ ಗೆಳತಿಯೊಬ್ಬಳು ಯಂತ್ರ ರಿಪೇರಿ ಕಲಿಯಬಹುದು ಅಂತ ಬಯೋಮೆಡಿಕಲ್ ಸೈನ್ಸ್‌ಗೆ ಸೇರಿ, ಒಂದು ಸೆಮಿಸ್ಟರ್ ಪೂರ್ತಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂತಳು. ಫೀಸು ಹೋಯಿತು, ನಾಲ್ಕು ತಿಂಗಳೂ ಹೋಯಿತು. ಹಾಗಾಗಿ ಕೋರ್ಸಿನ ಹೆಸರು ನೋಡಬೇಡಿ. ದಿನವಿಡೀ ನಿಮ್ಮ ಕೈ ಎಲ್ಲಿರುತ್ತದೆ ಅಂತ ನೋಡಿ. ಸ್ಕ್ರೂಡ್ರೈವರ್ ಮೇಲೋ, ಲ್ಯಾಬಿನಲ್ಲಿ ಹನಿ ಅಳೆಯುವ ಪಿಪೆಟ್ ಮೇಲೋ, ಕ್ಯಾಲ್ಕುಲಸ್ ನೋಟ್‌ಬುಕ್ ಮೇಲೋ.

ಯಂತ್ರದ ದಾರಿ

ಇದರ ಪೂರ್ತಿ ಹೆಸರು ಬಯೋಮೆಡಿಕಲ್ ಎಕ್ವಿಪ್‌ಮೆಂಟ್ ಟೆಕ್ನಾಲಜಿ. ಬಾಯಲ್ಲಿ ಎಲ್ಲರೂ ಹೇಳುವುದು ಬಿಮೆಟ್. ಕೆಲವು ಕಡೆ ಬಯೋಮೆಡಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಅಂತಲೂ, ಬಯೋಮೆಡಿಕಲ್ ಎಲೆಕ್ಟ್ರಾನಿಕ್ಸ್ ಅಂತಲೂ ಕರೆಯುತ್ತಾರೆ. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಕಾಲೇಜು, ನಾರ್ತ್ ಕ್ಯಾರೊಲಿನಾದ ಕಾಲ್ಡ್‌ವೆಲ್ ಕಮ್ಯುನಿಟಿ ಕಾಲೇಜು, ಒಹಾಯೋದ ಓವೆನ್ಸ್ ಕಮ್ಯುನಿಟಿ ಕಾಲೇಜು ಮತ್ತು ಸಿನ್ಸಿನಾಟಿ ಸ್ಟೇಟ್ ಈ ಕೋರ್ಸ್ ನಡೆಸಿಕೊಂಡು ಬಂದಿರುವ ಕಾಲೇಜುಗಳು. ಎಲ್ಲ ಊರಲ್ಲೂ ಸಿಗುವುದಿಲ್ಲ. ಅದು ಈ ದಾರಿಯ ಮೊದಲ ತೊಂದರೆ.

ಓದೇನು ಅಂದರೆ ಡಿಸಿ, ಎಸಿ ಸರ್ಕ್ಯೂಟ್, ಡಿಜಿಟಲ್ ಎಲೆಕ್ಟ್ರಾನಿಕ್ಸ್, ಸ್ವಲ್ಪ ಅಂಗರಚನೆ, ವೈದ್ಯಕೀಯ ಪದಗಳು, ಕಂಪ್ಯೂಟರ್ ನೆಟ್‌ವರ್ಕಿಂಗ್. ಅದಾದ ಮೇಲೆ ಆಸ್ಪತ್ರೆಯ ಯಂತ್ರಗಳು: ಪೇಷೆಂಟ್ ಮಾನಿಟರ್, ರಕ್ತನಾಳಕ್ಕೆ ಔಷಧಿ, ಗ್ಲೂಕೋಸ್ ಅಳೆದು ಬಿಡುವ ಇನ್‌ಫ್ಯೂಷನ್ ಪಂಪ್, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್, ವೆಂಟಿಲೇಟರ್. ಕೊನೆಗೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಗಣಿತ ಬೀಜಗಣಿತ, ತ್ರಿಕೋನಮಿತಿ ಮಟ್ಟದ್ದು. ನಮ್ಮ ಪಿಯುಸಿ ಪಿಸಿಎಂ ಮಾಡಿದವರಿಗೆ ನೀರು ಕುಡಿದಷ್ಟು ಸುಲಭ.

ಕೆಲಸ ಹೇಗಿರುತ್ತದೆ ಅಂತ ಒಂದು ದಿನ ತೋರಿಸುತ್ತೇನೆ. ಇಂಟರ್ನ್‌ಶಿಪ್ಪಿನ ಮೊದಲ ವಾರ. ಬಯೋಮೆಡ್ ಅಂಗಡಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು, ಲಾಂಡ್ರಿ ಪಕ್ಕ. ಇಲ್ಲಿ ಅದನ್ನು ಶಾಪ್ ಅಂತಲೇ ಕರೆಯುತ್ತಾರೆ. ಬೆಂಚಿನ ಮೇಲೆ ಒಂದು ಇನ್‌ಫ್ಯೂಷನ್ ಪಂಪ್. ಅದರ ಮೇಲೆ ಬಿಳಿ ಟೇಪ್ ಅಂಟಿಸಿ ನರ್ಸ್ ಒಂದೇ ಪದ ಬರೆದಿದ್ದರು: ಬ್ರೋಕನ್. ಏನಾಗಿದೆ, ಯಾವಾಗ ಆಯಿತು, ಯಾವ ಅಲಾರಂ ಬಂತು, ಏನೂ ಇಲ್ಲ. ಚಾಲೂ ಮಾಡಿದರೆ ಚೆನ್ನಾಗಿಯೇ ಓಡುತ್ತಿದೆ. ಕೊಳವೆ ಹಾಕಿ ನೀರು ಬಿಟ್ಟು ಹತ್ತು ನಿಮಿಷ ಕಾದೆ. ಆಗ ಕಿರುಚಿತು, ಕೊಳವೆಯಲ್ಲಿ ಗಾಳಿ ಇದೆ ಅಂತ. ಗಾಳಿಯ ಗುಳ್ಳೆ ಒಂದೂ ಇರಲಿಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಬಾಗಿಲು ತೆರೆದು ಸೆನ್ಸರ್ ಮೇಲೆ ಬೆರಳಾಡಿಸಿ ನನಗೂ ಮುಟ್ಟಿಸಿದ. ಅಂಟಂಟು. ಗ್ಲೂಕೋಸ್ ನೀರು ಚೆಲ್ಲಿ ಒಣಗಿ ಪಾಕದ ಹಾಗೆ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಸರಿಹೋಯಿತು.

ಅಷ್ಟಕ್ಕೇ ಕಳಿಸುವ ಹಾಗಿಲ್ಲ. ಶಾಪ್‌ಗೆ ಬಂದ ಯಂತ್ರ ವಿದ್ಯುತ್ ಸುರಕ್ಷತೆಯ ಪರೀಕ್ಷೆ ಮುಗಿಸಿಯೇ ಮೇಲೆ ಹೋಗಬೇಕು. ಅನಲೈಸರ್‌ಗೆ ಪ್ಲಗ್ ಹಾಕಿದೆ. ಅರ್ತ್ ವೈರಿನ ರೆಸಿಸ್ಟೆನ್ಸ್ ಅರ್ಧ ಓಮ್ ದಾಟಬಾರದು. ಅದು 0.9 ತೋರಿಸಿತು. ವೈರನ್ನು ಸ್ವಲ್ಪ ಅಲುಗಾಡಿಸಿದರೆ ಅಂಕಿ ಕುಣಿಯುತ್ತಿತ್ತು. ಪ್ಲಗ್ಗಿನ ಮೂರನೇ ಪಿನ್ ಒಳಗೆ ಸಡಿಲವಾಗಿತ್ತು. ಯಾರೋ ಪಂಪನ್ನು ವೈರ್ ಹಿಡಿದೇ ಎಳೆದೆಳೆದು ತೆಗೆದಿದ್ದರು. ಹೊಸ ವೈರ್ ಹಾಕಿದ ಮೇಲೆ 0.1. ನರ್ಸ್ ದೂರು ಕೊಟ್ಟದ್ದು ಅಂಟಿನ ಬಗ್ಗೆ. ನಿಜವಾದ ಅಪಾಯದ ಬಗ್ಗೆ ಯಾರೂ ದೂರು ಕೊಟ್ಟಿರಲೇ ಇಲ್ಲ.

ಈ ಪರೀಕ್ಷೆಗಳ ಹಿಂದೆ ಒಂದು ಕತೆ ಇದೆ. 1971ರಲ್ಲಿ ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ಒಂದು ಮಹಿಳಾ ಪತ್ರಿಕೆಯಲ್ಲಿ, ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 1,200 ಜನ ಯಂತ್ರಗಳಿಂದ ಶಾಕ್ ಹೊಡೆದು ಸಾಯುತ್ತಿದ್ದಾರೆ ಅಂತ ಬರೆದರು. ಆ ಲೆಕ್ಕವನ್ನು ಆಮೇಲೆ ಬಹಳ ಜನ ಒಪ್ಪಲಿಲ್ಲ. ಆದರೆ ಆಸ್ಪತ್ರೆಗಳು ಬೆಚ್ಚಿಬಿದ್ದವು. ಯಂತ್ರಗಳನ್ನು ಪರೀಕ್ಷೆ ಮಾಡುವ ಜನ ಬೇಕಾದರು. ಮೈಮೇಲೆ ಒಂದು ಮಿಲಿಆಂಪ್ ಹರಿದರೆ ನಮಗೆ ಚುರುಕ್ ಅನ್ನಿಸೀತು ಅಷ್ಟೆ. ಆದರೆ ಹೃದಯದವರೆಗೆ ತೂರಿಸಿದ ಕೊಳವೆಯ ಮೂಲಕ ಅದರ ಹತ್ತನೇ ಒಂದು ಪಾಲು ಕರೆಂಟ್ ಹೋದರೂ ಜೀವಕ್ಕೆ ಸಂಚಕಾರ. ಅದಕ್ಕೇ ಯಂತ್ರದಿಂದ ಸೋರುವ ಕರೆಂಟಿನ ಲೆಕ್ಕವೆಲ್ಲ ಮೈಕ್ರೋಆಂಪ್‌ನಲ್ಲಿ, ಅಂದರೆ ಮಿಲಿಆಂಪಿನ ಸಾವಿರದ ಒಂದು ಪಾಲಿನಲ್ಲಿ.

ಈ ಕೆಲಸಕ್ಕೆ ಸಿಗುವ ಸರ್ಟಿಫಿಕೇಟಿನ ಹೆಸರು ಸಿಬಿಇಟಿ. ಕೊಡುವುದು ಎಎಎಂಐ ಅನ್ನುವ ಸಂಸ್ಥೆ. ಬಾಯಲ್ಲಿ ಆಮಿ. (ನಾನು ಮೊದಮೊದಲು ಆಮೆ ಅಂತಲೇ ಕೇಳಿಸಿಕೊಂಡಿದ್ದೆ.) ಬಿಮೆಟ್ ಡಿಗ್ರಿ ಇದ್ದರೆ ಎರಡು ವರ್ಷ ಕೆಲಸ ಮಾಡಿ ಸಿಬಿಇಟಿ ತೆಗೆದುಕೊಳ್ಳಬಹುದು. ಬರೀ ಎಲೆಕ್ಟ್ರಾನಿಕ್ಸ್ ಡಿಗ್ರಿ ಇದ್ದರೆ ಮೂರು ವರ್ಷ. ಯಾವ ಡಿಗ್ರಿಯೂ ಇಲ್ಲದಿದ್ದರೆ ನಾಲ್ಕು. ಆಗ ತಾನೇ ಓದು ಮುಗಿಸಿದವರಿಗೆ ಸಿಎಬಿಟಿ ಅಂತ ಇನ್ನೊಂದು ಇದೆ, ಅನುಭವ ಬೇಡ. ಈ ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಂಬಳ: ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶದ ಪ್ರಕಾರ 2023ರಲ್ಲಿ ವೈದ್ಯಕೀಯ ಉಪಕರಣ ರಿಪೇರಿ ಮಾಡುವವರ ನಡುಮಟ್ಟದ ಸಂಬಳ ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸು. ಹೊಸಬರಿಗೆ ಕಡಿಮೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಕಡೆ ಹೋದವರಿಗೆ ಸಾಕಷ್ಟು ಜಾಸ್ತಿ. ಸಾಫ್ಟ್‌ವೇರ್ ಗಂಡನ ಸಂಬಳದ ಪಕ್ಕದಲ್ಲಿಟ್ಟರೆ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಎರಡು ವರ್ಷದ ಓದಿಗೆ, ಸಾಲವಿಲ್ಲದೆ, ಇದು ಚಿಕ್ಕದೇನಲ್ಲ.

ಎಂಜಿನಿಯರ್ ಆಗುವ ದಾರಿ

ಎರಡನೆಯದು ಟ್ರಾನ್ಸ್‌ಫರ್. ಇಲ್ಲಿ ಎರಡು ವರ್ಷ ಓದಿ, ಮಿಕ್ಕ ಎರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಿ ಬಯೋಮೆಡಿಕಲ್ ಎಂಜಿನಿಯರ್ ಆಗುವುದು. ಈ ಎರಡು ವರ್ಷದಲ್ಲಿ ಆಸ್ಪತ್ರೆಯ ಯಂತ್ರ ಒಂದನ್ನೂ ನೀವು ಮುಟ್ಟುವುದಿಲ್ಲ. ಕ್ಯಾಲ್ಕುಲಸ್ ಮೂರು ಕಂತು, ಡಿಫರೆನ್ಷಿಯಲ್ ಈಕ್ವೇಷನ್, ಭೌತಶಾಸ್ತ್ರ, ರಸಾಯನಶಾಸ್ತ್ರ. ನಮ್ಮಲ್ಲಿ ಬಿಇ ಮೊದಲ ವರ್ಷ ಮಾಡಿದ ಹಾಗೆಯೇ.

ಬಯೋಮೆಡಿಕಲ್ ಎಂಜಿನಿಯರ್‌ಗಳ ನಡುಮಟ್ಟದ ಸಂಬಳ ಅದೇ ಲೆಕ್ಕದಲ್ಲಿ 1 ಲಕ್ಷ ಡಾಲರ್ ಆಸುಪಾಸು. ಅದನ್ನು ನೋಡಿ ಎಲ್ಲರೂ ಇದೇ ಮೇಲು ಅಂದುಕೊಳ್ಳುತ್ತಾರೆ. ಇಬ್ಬರ ಕೆಲಸ ಬೇರೆ ಅನ್ನುವುದು ಮರೆತುಹೋಗುತ್ತದೆ. ಎಂಜಿನಿಯರ್ ಹೊಸ ಯಂತ್ರ ಕಟ್ಟುವ ಕಂಪನಿಯಲ್ಲಿ, ಟೆಕ್ನಿಷಿಯನ್ ಆ ಯಂತ್ರ ಬಳಸುವ ಆಸ್ಪತ್ರೆಯಲ್ಲಿ. ಆ ಕಂಪನಿಗಳು ಬಾಸ್ಟನ್, ಮಿನಿಯಾಪೊಲಿಸ್, ಕ್ಯಾಲಿಫೋರ್ನಿಯಾದಂಥ ಕೆಲವೇ ಕಡೆ ಗುಂಪುಗೂಡಿವೆ. ಆಸ್ಪತ್ರೆ ಎಲ್ಲ ಊರಲ್ಲೂ ಇದೆ. ಗಂಡನ ಪ್ರಾಜೆಕ್ಟ್ ಬದಲಾದ ಹಾಗೆಲ್ಲ ಊರು ಬದಲಿಸುವ ಎಚ್4 ಬದುಕಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ಹುಟ್ಟಿ ಬೆಳೆದು ಹೈಸ್ಕೂಲ್ ಮುಗಿಸುತ್ತಿರುವ ಮಕ್ಕಳಿಗೆ, ಗಣಿತ ಇಷ್ಟ ಇದ್ದರೆ, ನಾನು ಇದನ್ನೇ ಹೇಳುತ್ತೇನೆ. ಊರಲ್ಲಿ ಆಗಲೇ ಬಿಇ ಮಾಡಿದವರಿಗೆ ಹೇಳುವುದಿಲ್ಲ. ಮತ್ತೆ ನಾಲ್ಕು ವರ್ಷ ಅದನ್ನೇ ಯಾಕೆ ಓದಬೇಕು? ಅಷ್ಟು ವರ್ಷ ಕೊಡುವುದಾದರೆ ನೇರ ಎಂಎಸ್ ಮಾಡಿ.

ಎಎಎಸ್ಸೋ, ಎಎಸ್ಸೋ?

ಜನ ಮೋಸ ಹೋಗುವುದು ಇಲ್ಲಿ. ಎರಡು ವರ್ಷದ ಡಿಗ್ರಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಮುಂದಿನ ಐದು ವರ್ಷ ಹೆಚ್ಚುಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಎಎಎಸ್ (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಅಂದರೆ ಕೆಲಸಕ್ಕೆ ಹೋಗುವ ಡಿಗ್ರಿ. ಅದನ್ನು ಹಿಡಿದುಕೊಂಡು ವಿಶ್ವವಿದ್ಯಾಲಯಕ್ಕೆ ಹೋದರೆ ಅರ್ಧಕ್ಕರ್ಧ ಕ್ರೆಡಿಟ್, ಅಂದರೆ ಪಾಸಾದ ಪೇಪರ್‌ಗಳ ಲೆಕ್ಕ, ಬಿದ್ದುಹೋಗಬಹುದು. ಎಎಸ್ (ಅಸೋಸಿಯೇಟ್ ಆಫ್ ಸೈನ್ಸ್) ಅಂದರೆ ಮುಂದೆ ಓದುವ ಡಿಗ್ರಿ. ಅದನ್ನು ಹಿಡಿದುಕೊಂಡು ಆಸ್ಪತ್ರೆಯ ಶಾಪ್‌ಗೆ ಹೋದರೆ, ಮಲ್ಟಿಮೀಟರ್ ಹಿಡಿಯೋಕೆ ಬರುತ್ತಾ ಅಂತ ಕೇಳುತ್ತಾರೆ.

ಇಷ್ಟು ಕಲಿತು ಪಂಡಿತರಾದೆವು ಅಂದುಕೊಳ್ಳುವಷ್ಟರಲ್ಲಿ ಫ್ಲಾರಿಡಾ ಬರುತ್ತದೆ. ಅಲ್ಲಿ ಮುಂದೆ ಓದುವವರದ್ದು ಎಎ (ಅಸೋಸಿಯೇಟ್ ಇನ್ ಆರ್ಟ್ಸ್), ಕೆಲಸಕ್ಕೆ ಹೋಗುವವರದ್ದು ಎಎಸ್. ಸೇಂಟ್ ಪೀಟರ್ಸ್‌ಬರ್ಗ್ ಕಾಲೇಜಿನ ಬಯೋಮೆಡಿಕಲ್ ಡಿಗ್ರಿ ಎಎಸ್. ಹಾಗಾಗಿ ಅಕ್ಷರ ನೋಡಿ ತೀರ್ಮಾನಕ್ಕೆ ಬರಬೇಡಿ. ಅಡ್ವೈಸರ್ ಹತ್ತಿರ ಹೋಗಿ ನೇರವಾಗಿ ಕೇಳಿ: "ಇದು ಮುಗಿಸಿದವರು ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಹೋದರು? ಎಷ್ಟು ಕ್ರೆಡಿಟ್ ಒಪ್ಪಿದರು? ಬರಹದಲ್ಲಿ ಒಪ್ಪಂದ ಇದೆಯಾ?" ಬಾಯಿಮಾತಿನ ಉತ್ತರ ಬಂದರೆ ಇಲ್ಲ ಅಂತಲೇ ತಿಳಿಯಿರಿ. ನನಗೂ ಒಬ್ಬ ಅಡ್ವೈಸರ್ "ಎಲ್ಲ ಟ್ರಾನ್ಸ್‌ಫರ್ ಆಗುತ್ತೆ" ಅಂದಿದ್ದರು. ಆಮೇಲೆ ವಿಚಾರಿಸಿದರೆ ಎರಡು ಇಂಗ್ಲಿಷ್ ಪೇಪರ್ ಮತ್ತು ಒಂದು ಗಣಿತ ಅಷ್ಟೆ.

ಅಬೆಟ್ ಅನ್ನುವ ಮಾನ್ಯತೆಯ ಬಗ್ಗೆಯೂ ಕೇಳುತ್ತಾರೆ. ಎಂಜಿನಿಯರಿಂಗ್ ಮತ್ತು ಟೆಕ್ನಾಲಜಿ ಕೋರ್ಸ್‌ಗಳಿಗೆ ಇಲ್ಲಿ ಮಾನ್ಯತೆ ಕೊಡುವ ಸಂಸ್ಥೆ ಅದು. ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ಬೇಕೇ ಬೇಕು. ಬಿಮೆಟ್ ಕೆಲಸಕ್ಕೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ. ಆದರೆ ಕಾಲೇಜಿಗೆ ಆ ಪ್ರಾಂತ್ಯದ ಮಾನ್ಯತೆ ಇರಲೇಬೇಕು.

ಪಿಪೆಟ್ ಹಿಡಿಯುವ ದಾರಿಗಳು

ಬಯೋಟೆಕ್ನಾಲಜಿ ಮತ್ತು ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್, ಅಂದರೆ ಎಂಎಲ್‌ಟಿ. ಇವು ನನ್ನ ದಾರಿಯಲ್ಲ. ಹಾಗಾಗಿ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ.

ಊರಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಮಾಡಿದವರಿಗೆ ಎಂಎಲ್‌ಟಿ ಸಹಜವಾದ ಮುಂದುವರಿಕೆ. ರಕ್ತ, ಮೂತ್ರ, ಕಲ್ಚರ್ ಪರೀಕ್ಷೆ. ಆಸ್ಪತ್ರೆ ಇರುವ ಕಡೆಯೆಲ್ಲ ಕೆಲಸ. ಕೋರ್ಸಿಗೆ ಎನ್‌ಎಎಸಿಎಲ್‌ಎಸ್ ಮಾನ್ಯತೆ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಸೇರಲೇಬೇಡಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಲೈಸೆನ್ಸ್ ಬೇರೆ ಬೇಕು. ಬಿಮೆಟ್‌ಗೆ ಅಂಥ ರಾಜ್ಯದ ಲೈಸೆನ್ಸ್ ತಾಪತ್ರಯ ಇಲ್ಲ.

ಬಯೋಟೆಕ್ ಊರಿನ ಮೇಲೆ ನಿಂತಿದೆ. ಸ್ಯಾನ್ ಡಿಯಾಗೋ, ಬಾಸ್ಟನ್ ಕಡೆ ಇದ್ದರೆ ಚೆನ್ನ. ಕ್ಯಾಲಿಫೋರ್ನಿಯಾದ ಮಿರಾಕೋಸ್ಟಾ ಕಾಲೇಜು ಕಮ್ಯುನಿಟಿ ಕಾಲೇಜಾಗಿದ್ದೂ ಬಯೋಮ್ಯಾನುಫ್ಯಾಕ್ಚರಿಂಗ್‌ನಲ್ಲಿ ನಾಲ್ಕು ವರ್ಷದ ಡಿಗ್ರಿಯನ್ನೇ ಕೊಡುತ್ತದೆ. ಸುತ್ತ ಜೋಳದ ಹೊಲ ಮಾತ್ರ ಇರುವ ಊರಲ್ಲಿದ್ದು ಬಯೋಟೆಕ್ ಓದಿದರೆ, ಓದಿದ ಮೇಲೆ ಊರು ಬಿಡಲೇಬೇಕು.

ಬಿಮೆಟ್ ಇಲ್ಲದ ಊರಲ್ಲಿ ಏನು ಮಾಡೋದು?

ನಿಮ್ಮ ಹತ್ತಿರದ ಕಾಲೇಜಿನಲ್ಲಿ ಬಿಮೆಟ್ ಇಲ್ಲ, ಇರುವುದು 70 ಮೈಲಿ ಆಚೆ ಅಂದುಕೊಳ್ಳಿ. ಚಳಿಗಾಲದ ಹಿಮದಲ್ಲಿ ದಿನಾ ಓಡಾಡುವುದಾ? ಬೇಡ. ಹತ್ತಿರದಲ್ಲೇ ಎಲೆಕ್ಟ್ರಾನಿಕ್ಸ್ ಟೆಕ್ನಾಲಜಿ ಡಿಗ್ರಿ ಇದ್ದರೆ ಅದನ್ನು ಮಾಡಿ. ಸಿಬಿಇಟಿಗೆ ಎರಡರ ಬದಲು ಮೂರು ವರ್ಷ ಅಂದೆನಲ್ಲ, ವ್ಯತ್ಯಾಸ ಅಷ್ಟೇ. ಜೊತೆಗೆ ಒಂದು ಅನಾಟಮಿ ಪೇಪರ್, ಒಂದು ವೈದ್ಯಕೀಯ ಪದಗಳ ಪೇಪರ್ ಬಿಡಿಯಾಗಿ ತೆಗೆದುಕೊಳ್ಳಿ. ನೆಟ್‌ವರ್ಕಿಂಗ್ ಅಂತೂ ಬಿಡಲೇಬೇಡಿ. ಈಗ ಪೇಷೆಂಟ್ ಮಾನಿಟರ್ ಕೆಟ್ಟಿದೆ ಅಂತ ಬರುವ ಕರೆಗಳಲ್ಲಿ ಬಹಳಷ್ಟು ಸಲ ಮಾನಿಟರ್ ಚೆನ್ನಾಗಿಯೇ ಇರುತ್ತದೆ, ಐಪಿ ವಿಳಾಸ ತಪ್ಪಿರುತ್ತದೆ.

ಈ ದಾರಿಯ ಕೊರತೆ ಒಂದೇ, ಆದರೆ ದೊಡ್ಡದು. ಇಂಟರ್ನ್‌ಶಿಪ್ ಇರುವುದಿಲ್ಲ. ಬಿಮೆಟ್ ಕೋರ್ಸಿನಲ್ಲಿ ನೀವು ನಿಜವಾಗಿ ಕೊಂಡುಕೊಳ್ಳುವುದು ಅದನ್ನೇ. ನಮ್ಮ ಬ್ಯಾಚಿನಲ್ಲಿ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಇಂಟರ್ನ್‌ಶಿಪ್ ಮಾಡಿದ ಶಾಪ್‌ನಲ್ಲೇ, ಇಲ್ಲವೇ ಅಲ್ಲಿಯವರ ಶಿಫಾರಸಿನಿಂದ. ಇಂಟರ್ನ್‌ಶಿಪ್ ಇಲ್ಲದೆ ಒಳಗೆ ಕಾಲಿಡಬೇಕಾದರೆ ಪಂಪು, ಹಾಸಿಗೆ ಬಾಡಿಗೆಗೆ ಕೊಡುವ ಕಂಪನಿಗಳಲ್ಲಿ ಯಂತ್ರ ತೊಳೆದು, ಎಣಿಸಿ, ಸಾಗಿಸುವ ಕೆಲಸದಿಂದ ಶುರು ಮಾಡಬೇಕಾಗಬಹುದು. ಅವಮಾನ ಅಂದುಕೊಳ್ಳಬೇಡಿ. ನಮ್ಮ ಈಗಿನ ಮೇಲ್ವಿಚಾರಕ ಅಲ್ಲಿಂದಲೇ ಬಂದವನು.

ದುಡ್ಡಿನ ಮಾತು

ಕ್ಯಾಲಿಫೋರ್ನಿಯಾದವರು ಅದೃಷ್ಟವಂತರು. ಅಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಬೇರೆ ಕಡೆ ಕ್ರೆಡಿಟ್ ಅನ್ನುವುದು ಇದನ್ನೇ) 46 ಡಾಲರ್. 60 ಯೂನಿಟ್ ಅಂದರೆ 2,760. ಇಡೀ ಡಿಗ್ರಿಗೆ! ನಾರ್ತ್ ಕ್ಯಾರೊಲಿನಾದಲ್ಲಿ ಬಹಳ ವರ್ಷ ಕ್ರೆಡಿಟ್‌ಗೆ 76 ಡಾಲರ್ ಇತ್ತು. ಹೊರರಾಜ್ಯದವರಿಗೆ ಅದೇ ಕ್ರೆಡಿಟ್ 268. ಹೆಚ್ಚುಕಮ್ಮಿ ಮೂರೂವರೆ ಪಟ್ಟು. ಅಂದರೆ ಕಾಲೇಜು ಅಗ್ಗವೋ ದುಬಾರಿಯೋ ಅನ್ನುವುದಕ್ಕಿಂತ, ಆ ಕಾಲೇಜಿನ ಕಣ್ಣಲ್ಲಿ ನೀವು ಊರಿನವರೋ ಹೊರಗಿನವರೋ ಅನ್ನುವುದು ಮುಖ್ಯ. ಎಚ್4ನವರನ್ನು ಕೆಲವು ರಾಜ್ಯಗಳು ನಿವಾಸಿ ಅಂತ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ತೆರಿಗೆ ಕಾಗದ ಕಟ್ಟಿಕೊಂಡು ಕಚೇರಿಗೇ ಹೋಗಿ. ಕಿಟಕಿಯಲ್ಲಿ ಕೂತವರು ಇಲ್ಲ ಅಂದರೆ ಅದು ಕಡೆಯ ಮಾತಲ್ಲ. ನಿವಾಸದ ವಿಷಯ ನೋಡುವವರು ಬೇರೆ ಇರುತ್ತಾರೆ, ಅವರನ್ನೇ ಕೇಳಿ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಪೆಲ್ ಗ್ರಾಂಟ್‌ಗೆ, ಅಂದರೆ ವಾಪಸ್ ಕಟ್ಟಬೇಕಿಲ್ಲದ ಸರ್ಕಾರಿ ನೆರವಿಗೆ, ಅರ್ಜಿ ಹಾಕಿ. 2024–25ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್ ಇತ್ತು. ಊರಿನವರಿಗೆ ಕಮ್ಯುನಿಟಿ ಕಾಲೇಜಿನ ಫೀಸು ಸಾಮಾನ್ಯವಾಗಿ ಅದರೊಳಗೇ ಮುಗಿಯುತ್ತದೆ. ಆದಾಯ ಜಾಸ್ತಿ ಇದ್ದರೆ ಸಿಗದು. ಎಚ್4ನವರಿಗೆ, ಎಫ್1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ಅದು ಇಲ್ಲ.

ಫೀಸಿನಾಚೆಗೂ ಖರ್ಚಿದೆ. ಉಪಕರಣಗಳ ಕಿಟ್, ಪುಸ್ತಕ, ಸುರಕ್ಷತಾ ಕನ್ನಡಕ, ಪೆಟ್ರೋಲ್. ಪುಸ್ತಕ ಹಳೆಯದು ಕೊಳ್ಳಿ. ಓಮ್‌ನ ನಿಯಮ ಹೊಸ ಆವೃತ್ತಿಯಲ್ಲಿ ಬದಲಾಗಿಲ್ಲ.

ವೀಸಾ: ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ

ಊರಿಂದ ಕೆಲವು ಮಕ್ಕಳು ಬರೆಯುತ್ತಾರೆ. ಪಿಯುಸಿ ಆಯಿತು, ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಗ್ಗ ಅಂತೆ, ಎಫ್1ನಲ್ಲಿ ಬಂದು ಬಿಮೆಟ್ ಮಾಡಲಾ? ನನ್ನ ಉತ್ತರ: ಬೇಡ.

ಕಾರಣ ಇದು. ಎರಡು ವರ್ಷದ ಡಿಗ್ರಿ ಮುಗಿದ ಮೇಲೆ ಒಪಿಟಿಯಲ್ಲಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಎಫ್1ನವರಿಗೆ ಕೊಡುವ ಅನುಮತಿಯಲ್ಲಿ, ಒಂದು ವರ್ಷ ಕೆಲಸ ಮಾಡಬಹುದು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಓದಿದವರಿಗೆ ಸಿಗುವ 24 ತಿಂಗಳ ವಿಸ್ತರಣೆಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಕು. ಕೆಲಸದ ವೀಸಾ ಎಚ್1ಬಿ ಸಿಗಬೇಕಾದರೆ ಆ ಹುದ್ದೆಗೇ ಬ್ಯಾಚುಲರ್ ಡಿಗ್ರಿ ಅಗತ್ಯವಿರಬೇಕು. ಬಿಮೆಟ್ ಹುದ್ದೆಗೆ ಕೇಳುವುದು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಅಂದರೆ ಮೂರನೇ ವರ್ಷಕ್ಕೆ ಬಾಗಿಲು ಮುಚ್ಚಿತು. ಸಿಬಿಇಟಿಗೆ ಬೇಕಾದ ಎರಡು ವರ್ಷದ ಅನುಭವವೂ ಆಗಿರುವುದಿಲ್ಲ. ಅದೂ ಹೊರಗಿನವರ ಫೀಸು ಕಟ್ಟಿ! ಟ್ರಾನ್ಸ್‌ಫರ್ ದಾರಿಯಾದರೆ ಮಾತು ಬೇರೆ. ಅದು ನಾಲ್ಕು ವರ್ಷದ ಡಿಗ್ರಿಗೆ ಅಗ್ಗದ ಮೊದಲ ಮೆಟ್ಟಿಲು, ಎಫ್1ನವರಿಗೂ ಲೆಕ್ಕ ಕೂಡುತ್ತದೆ.

ಊರಲ್ಲೇ ಇದ್ದು ಈ ಕ್ಷೇತ್ರಕ್ಕೆ ಬರಬೇಕು ಅನ್ನುವವರಿಗೆ ಬೆಂಗಳೂರಿನ ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್ ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್, ಮಣಿಪಾಲದಲ್ಲಿ ಬಯೋಮೆಡಿಕಲ್ ಇದೆ. ಎಸ್ಸೆಸ್ಸೆಲ್ಸಿ ಮೇಲೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬಿಇ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಜಿಇ, ಫಿಲಿಪ್ಸ್ ಬೆಂಗಳೂರಲ್ಲೇ ಇವೆ. 2020ರಲ್ಲಿ ಬಿಇಎಲ್ 30,000 ವೆಂಟಿಲೇಟರ್ ಮಾಡಿಕೊಟ್ಟಿತಲ್ಲ, ಅದರ ತಂತ್ರಜ್ಞಾನ ಮೈಸೂರಿನ ಸ್ಕಾನ್‌ರೇ ಕಂಪನಿಯದ್ದು. ಇದನ್ನೆಲ್ಲ ಬಿಟ್ಟು ಎರಡು ವರ್ಷದ ಡಿಗ್ರಿಗೆ ಸಾಲ ಮಾಡಿ ಸಮುದ್ರ ದಾಟಬೇಕಾ?

ಎಚ್4ನವರ ಲೆಕ್ಕ ಬೇರೆ. ಎಚ್4ನಲ್ಲಿ ಓದಬಹುದು, ಪೂರ್ತಿ ಸಮಯವೂ ಸೈ, ಸಂಜೆಗೆ ಒಂದೇ ಪೇಪರೂ ಸೈ. ಕೆಲಸ ಮಾಡುವ ಹಾಗಿಲ್ಲ. ಆದರೆ 2015ರಿಂದ ಇಎಡಿ, ಅಂದರೆ ಕೆಲಸದ ಪರವಾನಗಿ, ಬಂದಿದೆ. ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಯಾರೂ ಹೇಳಿರಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಇಂಟರ್ನ್‌ಶಿಪ್‌ಗೆ ಸಂಬಳ ಕೊಡುತ್ತಾರೆ. ಇಎಡಿ ಕೈಯಲ್ಲಿಲ್ಲದಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ಕ್ರೆಡಿಟ್‌ಗಾಗಿ ಮಾತ್ರ ಮಾಡುವ ಇಂಟರ್ನ್‌ಶಿಪ್ ಇದೆಯಾ ಅಂತ ಮೊದಲ ಸೆಮಿಸ್ಟರಿನಲ್ಲೇ ಕೇಳಿ, ವೀಸಾ ಗೊತ್ತಿರುವ ವಕೀಲರ ಹತ್ತಿರ ಒಮ್ಮೆ ಮಾತಾಡಿ. ನಾನು ಇಎಡಿ ಬರುವ ತನಕ ಇಂಟರ್ನ್‌ಶಿಪ್ಪನ್ನೇ ಒಂದು ಸೆಮಿಸ್ಟರ್ ಮುಂದೂಡಬೇಕಾಯಿತು.

ಸೇರುವ ಮೊದಲು ಲ್ಯಾಬ್ ನೋಡಿ ಬನ್ನಿ

ಎರಡು ಕಾಲೇಜಿನ ನಡುವೆ ತೂಗಾಡುತ್ತಿದ್ದರೆ ವೆಬ್‌ಸೈಟ್ ಮುಚ್ಚಿ, ಕಾರು ತೆಗೆಯಿರಿ. ಲ್ಯಾಬ್ ತೋರಿಸಿ ಅಂತ ಕೇಳಿ, ಸಂತೋಷದಿಂದ ತೋರಿಸುತ್ತಾರೆ. ಗೋಡೆಯ ಪ್ಲಗ್‌ಗಳಲ್ಲಿ ಹಸಿರು ಚುಕ್ಕೆ ಇದೆಯಾ ನೋಡಿ. ಆಸ್ಪತ್ರೆ ದರ್ಜೆಯ ಪ್ಲಗ್‌ನ ಗುರುತು ಅದು. ಲ್ಯಾಬ್ ಕಟ್ಟಿದವರಿಗೆ ಕೆಲಸ ಗೊತ್ತಿದೆ ಅಂತ ಅರ್ಥ. ಬೀರು ತೆರೆಸಿ. ಯಂತ್ರಗಳು ಹಳೆಯವಾಗಿದ್ದರೆ ಬೇಜಾರಿಲ್ಲ. ಆಸ್ಪತ್ರೆಗಳು ದಾನ ಕೊಟ್ಟ ಹಳೆಯ ಪಂಪಿನಲ್ಲೇ ಕಲಿಯುವುದು ಜಾಸ್ತಿ, ಅದು ದಿನಾ ಕೆಡುತ್ತದೆ. ಆದರೆ ಸೇಫ್ಟಿ ಅನಲೈಸರ್, ಪೇಷೆಂಟ್ ಸಿಮ್ಯುಲೇಟರ್, ಡಿಫಿಬ್ರಿಲೇಟರ್ ಟೆಸ್ಟರ್ ಇರಲೇಬೇಕು. ಅವು ಇಲ್ಲದ ಕಡೆ ಕಲಿಸುವುದು ಬರೀ ಸ್ಲೈಡ್ ತೋರಿಸಿ. ನಾನು ನೋಡಲು ಹೋದ ಒಂದು ಕಾಲೇಜಿನಲ್ಲಿ ಯಂತ್ರಗಳ ಮೇಲೆ ಬೆರಳಿಟ್ಟರೆ ಅಚ್ಚು ಮೂಡುವಷ್ಟು ಧೂಳು ಇತ್ತು. ಅಲ್ಲಿಂದ ಹಾಗೇ ವಾಪಸ್ ಬಂದೆ.

ಪಾಠ ಮಾಡುವವರು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಾ ಅಂತ ಕೇಳಿ. ಹೋದ ವರ್ಷ ಎಷ್ಟು ಜನಕ್ಕೆ ಇಂಟರ್ನ್‌ಶಿಪ್ ಸಿಕ್ಕಿತು, ಯಾವ ಆಸ್ಪತ್ರೆಗಳಲ್ಲಿ ಅಂತ ಕೇಳಿ. ಹುಡುಕಿಕೊಳ್ಳುವುದು ವಿದ್ಯಾರ್ಥಿಯ ಜವಾಬ್ದಾರಿ ಅಂದರೆ ಆ ಕಾಲೇಜಿಗೆ ಅರ್ಧ ಮಾರ್ಕು ಕಳೆಯಿರಿ. ಪೂರ್ತಿ ಆನ್‌ಲೈನ್ ಅಂದರೆ ಇನ್ನೂ ಅರ್ಧ ಕಳೆಯಿರಿ. ಪಾಠ ಆನ್‌ಲೈನ್ ಇರಲಿ, ಲ್ಯಾಬ್ ಕೈಯಲ್ಲಿರಬೇಕು.

ನಿಮ್ಮನ್ನೂ ಒಂದಿಷ್ಟು ಕೇಳಿಕೊಳ್ಳಿ. ಬಣ್ಣ ಗುರುತಿಸುವ ತೊಂದರೆ ಇದೆಯಾ? ವೈರುಗಳ ಕೆಲಸದಲ್ಲಿ ಕಷ್ಟ. 20 ಕೆಜಿ ಎತ್ತಬಲ್ಲಿರಾ? ರಾತ್ರಿ ಎರಡಕ್ಕೆ ಫೋನ್ ಬಂದರೆ ಎದ್ದು ಹೋಗಬಲ್ಲಿರಾ? ಯಂತ್ರ ಮಾಡುವ ಕಂಪನಿಗಳ ಫೀಲ್ಡ್ ಕೆಲಸದಲ್ಲಿ ಸಂಬಳ ಜಾಸ್ತಿ. ಆದರೆ ವಾರದಲ್ಲಿ ಮೂರು ದಿನ ಹೆದ್ದಾರಿಯಲ್ಲೇ ಕಳೆಯುತ್ತದೆ. ಸಣ್ಣ ಮಕ್ಕಳಿರುವವರಿಗೆ ಆಸ್ಪತ್ರೆಯೊಳಗಿನ ಶಾಪ್ ಲೇಸು. ಬೆಳಿಗ್ಗೆ ಏಳಕ್ಕೆ ಹೋದರೆ ಮೂರೂವರೆಗೆ ಮನೆ.

ಊರಿನ ಕಾಗದ, ಊರಿನ ಲಸಿಕೆ

ಇಂಟರ್ನ್‌ಶಿಪ್‌ಗೆ ಮುಂಚೆ ಆಸ್ಪತ್ರೆಯವರು ಲಸಿಕೆಯ ದಾಖಲೆ ಕೇಳುತ್ತಾರೆ. ದಡಾರ, ಹೆಪಟೈಟಿಸ್ ಬಿ, ಸೀತಾಳೆ ಸಿಡುಬು. ಚಿಕ್ಕಂದಿನ ಕಾರ್ಡು ಸಿಗದಿದ್ದರೆ ಗಾಬರಿ ಬೇಡ. ಟೈಟರ್ ಅಂತ ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ರೋಗನಿರೋಧಕ ಶಕ್ತಿ ಇದ್ದರೆ ಸಾಕು. ಕ್ಷಯದ ಚರ್ಮ ಪರೀಕ್ಷೆ ಮಾತ್ರ ನಮ್ಮವರಿಗೆ ತಲೆನೋವು. ಎಡತೋಳಿನ ಮೇಲೆ ಬಿಸಿಜಿ ಗುರುತು ಇದೆಯಲ್ಲ, ಆ ಲಸಿಕೆಯಿಂದಲೇ ಪರೀಕ್ಷೆ ಪಾಸಿಟಿವ್ ಬರಬಹುದು. ಬಂದರೆ ಎಕ್ಸ್‌ರೇ, ಓಡಾಟ, ಎರಡು ವಾರ ತಡ. ಮೊದಲೇ ಬಿಸಿಜಿ ಆಗಿದೆ ಅಂತ ಹೇಳಿ, ಚರ್ಮದ ಪರೀಕ್ಷೆ ಬದಲು ರಕ್ತದ ಪರೀಕ್ಷೆ ಕೇಳಿ.

ಊರಿನ ಬಿಇ ಅಂಕಗಳನ್ನು ಮೌಲ್ಯಮಾಪನ ಮಾಡಿಸಿದರೆ ಗಣಿತ, ಭೌತಶಾಸ್ತ್ರ, ಕೆಲವು ಸಲ ಸರ್ಕ್ಯೂಟ್ ಪೇಪರ್ ಕೂಡ ಮಾಫಿ ಆಗಬಹುದು. ನನಗೆ ಒಂದು ಸೆಮಿಸ್ಟರಿನಷ್ಟು ಉಳಿಯಿತು. ಅದಕ್ಕೆ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬೇಕು. ಆನ್‌ಲೈನ್ ಕಳಿಸುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೊಹರು ಹಾಕಿದ ಲಕೋಟೆ. ಸೇರುವುದಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಿಸಿ, ಲಕೋಟೆ ತರಲು ಹೋಗುವವರಿಗೆ ಒಡೆಯಬಾರದು ಅಂತ ಸಾರಿ ಸಾರಿ ಹೇಳಿ. ನಮ್ಮ ಮಾವ ಎರಡು ದಿನ ಓಡಾಡಿ ಅದನ್ನು ಈಸಿಕೊಂಡು ಬಂದು, "ಸೊಸೆ ಮಾರ್ಕ್ಸ್ ಎಷ್ಟು ತೆಗೆದಿದ್ದಾಳೆ ನೋಡೋಣ" ಅಂತ ಊಟದ ಮೇಜಿನ ಮೇಲೆ ಒಡೆದು ಓದಿಬಿಟ್ಟರು. ಮತ್ತೆ ಅರ್ಜಿ, ಮತ್ತೆ ಫೀಸು, ಮತ್ತೆ ಬಸ್ಸು.